ಹಲಗಲಿಯ ಲಾವಣಿ ಮತ್ತು ನಮ್ಮ ಕಪ್ಪುಹಲಗೆ

ಅಭ್ಯಾಸ ಬೋಧನೆಯ ವೀಕ್ಷಣೆಗೆಂದು ನಾಯಂಡಹಳ್ಳಿ ಸುತ್ತಿನ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಹತ್ತನೆಯ ತರಗತಿ, ಪ್ರಥಮ ಭಾಷೆ ಕನ್ನಡ, ಪಾಠ ‘ಹಲಗಲಿ ಬೇಡರು’. ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಾಗಿ ಬಂದಿದ್ದಳು. ಕರ್ನಾಟಕದ ನಕ್ಷೆ ತೂಗುಹಾಕಿ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕನ್ನು ತೋರಿಸಿದಳು. ಲಾವಣಿ ಎಂದರೇನು, 1857ರಲ್ಲಿ ಏನಾಯಿತು ಎಂದು ಪೀಠಿಕೆ ಹಾಕಿದಳು. ಆಮೇಲೆ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಎಡಗಡೆ ‘ಗ್ರಾಮ್ಯ’, ಬಲಗಡೆ ‘ಶುದ್ಧ’ ಎಂದು ಬರೆದಳು. ಇಲ್ದಂಗ, ಮ್ಯಾಗ, ಸಿಟ್ಟೀಲೆ ಎಂಬ ಮಾತುಗಳು ಎಡಕ್ಕೆ ಬಂದವು. ಇಲ್ಲದಂತೆ, ಮೇಲೆ, ಸಿಟ್ಟಿನಿಂದ ಎಂದು ಮಕ್ಕಳು ಬಲಕ್ಕೆ ಹೇಳುತ್ತಾ ಹೋದರು. ತರಗತಿ ಲವಲವಿಕೆಯಿಂದ ಇತ್ತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಉತ್ತಮ’ ಎಂದು ಬರೆದೆ.

ಒಬ್ಬ ಹುಡುಗಿ ಮಾತ್ರ ಪಾಲ್ಗೊಂಡಿರಲಿಲ್ಲ. ಪಾಠದ ಆರಂಭದಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದಾಗ ಬೇರೆಯವರೆಲ್ಲ ತಡವರಿಸಿದ ಸಾಲುಗಳನ್ನು ಅವಳು ಒಂದೇ ಉಸಿರಿಗೆ ಓದಿದ್ದಳು. ಓದಿನ ಧಾಟಿ ಕೇಳಿ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಪಟ್ಟಿ ಬರೆಯುವ ಹೊತ್ತಿಗೆ ಅವಳು ತಲೆ ಬಗ್ಗಿಸಿಬಿಟ್ಟಿದ್ದಳು. ಗಂಟೆ ಹೊಡೆದ ಮೇಲೆ ಹತ್ತಿರ ಹೋಗಿ, “ಯಾಕಮ್ಮ, ನಿನಗೆಲ್ಲ ಗೊತ್ತಿತ್ತಲ್ಲ, ಒಂದೂ ಹೇಳಲಿಲ್ಲ?” ಎಂದೆ. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯ ಮಗು ಅದು. ಹಲಗೆಯ ಕಡೆ ನೋಡಿ, “ನಾವು ಮನ್ಯಾಗ ಮಾತಾಡೋದೆಲ್ಲಾ ಎಡಕ್ಕ ಐತ್ರಿ ಮೇಡಂ” ಎಂದಳು.

ಆ ಮಾತಿನ ಮುಂದೆ ನಾನು ಬರೆದ ‘ಉತ್ತಮ’ ಉಳಿಯಲಿಲ್ಲ. ಪ್ರಶಿಕ್ಷಣಾರ್ಥಿಯದು ತಪ್ಪು ಎಂದು ಹೇಳಲಾರೆ. ಹಾಗೆ ಪಟ್ಟಿ ಮಾಡುವುದನ್ನು ಕಲಿಸಿದವರು ನಾವೇ. ಹಲಗಲಿಯ ಲಾವಣಿಯನ್ನು ನಾವು ಪಾಠ ಮಾಡುತ್ತಿರುವ ರೀತಿ, ಆ ಲಾವಣಿ ಯಾವುದರ ವಿರುದ್ಧ ನಿಂತಿತ್ತೋ ಅದರ ಕಡೆಗೇ ವಾಲಿದೆ. ಇದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ಬದಲಾಯಿಸಬಹುದಾದ ಕೆಲವು ಸಂಗತಿಗಳನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಘಟನೆ. 1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ತಿರುಗಿಬಿದ್ದ ಮೇಲೆ, ಜನರು ಅನುಮತಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಕಂಪನಿ ಸರ್ಕಾರ ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಹೊಟ್ಟೆಪಾಡು, ಮಾನ ಎಲ್ಲವೂ ಹೌದು. ಹತಾರ ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿ ಹಚ್ಚಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಸರ್ಕಾರದ ದೃಷ್ಟಿಯಲ್ಲಿ ಅಲ್ಲಿಗೆ ಒಂದು ಕಡತ ಮುಗಿಯಿತು.

ಜನರ ದೃಷ್ಟಿಯಲ್ಲಿ ಮುಗಿಯಲಿಲ್ಲ. ಲಾವಣಿಕಾರರು ಅದನ್ನು ಹಾಡು ಮಾಡಿದರು. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಹಾಡಿನಲ್ಲಿ ಉಳಿದವು. ಕೊನೆಗೆ ಕುರ್ತಕೋಟಿ ಕಲ್ಮೇಶನ ಅಂಕಿತ ಬಂತು. ಸೈನ್ಯ ಊರಿನಿಂದ ಏನೇನು ದೋಚಿತು ಎಂಬುದನ್ನು ಹಾಡು ಎಣಿಸಿ ಹೇಳುತ್ತದೆ: ಕೊಡಲಿ, ಕುಡಗೋಲು, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ. ನಾವು ಇದನ್ನು ‘ಲಾವಣಿಯ ವರ್ಣನಾ ಶೈಲಿ’ ಎಂದು ಟಿಪ್ಪಣಿ ಬರೆಸಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿದರೆ ಅದು ಒಂದು ನಷ್ಟದ ಪಂಚನಾಮೆ. ಯಾವ ಕಚೇರಿಯೂ ಬರೆದುಕೊಳ್ಳದಿದ್ದಾಗ ಜನ ತಾವೇ ತಾಳಕ್ಕೆ ಕಟ್ಟಿ ಬರೆದಿಟ್ಟುಕೊಂಡದ್ದು. ಕುಡಗೋಲು ಹೋದರೆ ಮುಂದಿನ ಸುಗ್ಗಿ ಹೋಯಿತು. ಉಪ್ಪು, ಎಣ್ಣೆ ಹೋದರೆ ಆ ರಾತ್ರಿಯ ಊಟ ಹೋಯಿತು. ಇದನ್ನು ಕಟ್ಟಿದವರಿಗೆ ಮನೆ ಸುಡುವುದು ಎಂದರೆ ಏನೆಂದು ಗೊತ್ತಿತ್ತು.

ಈ ಹಾಡು ನಮ್ಮ ಪಠ್ಯಕ್ಕೆ ಬಂದದ್ದು ಬಿ. ಎಸ್. ಗದ್ದಗಿಮಠರ ‘ಕನ್ನಡ ಜನಪದ ಗೀತೆಗಳು’ ಸಂಗ್ರಹದ ಮೂಲಕ. ಅದಕ್ಕೂ ಬಹಳ ಹಿಂದೆ, 1880ರ ದಶಕದಲ್ಲಿ, ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಕಲೆಹಾಕಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರಲ್ಲಿ ಹಲಗಲಿಯದೂ ಇತ್ತು. ಶಾಸನಗಳ ವಿದ್ವಾಂಸನಾಗಿ ಅವನು ಮಾಡಿದ ಕೆಲಸಕ್ಕೆ ನಾವು ಋಣಿಗಳು. ಆದರೆ ಅವನು ಬರೆದುಕೊಳ್ಳುವಾಗ ಆ ಹಾಡು ಜನರ ಬಾಯಲ್ಲಿ ಜೀವಂತವಾಗಿತ್ತು ಎಂಬುದನ್ನು ಮರೆಯಬಾರದು. ಊರು ಸುಟ್ಟು ಕಾಲು ಶತಮಾನ ಕಳೆದ ಮೇಲೂ ಹಾಡು ಸುಟ್ಟಿರಲಿಲ್ಲ.

ವಸಾಹತು ಆಡಳಿತ ಆಯುಧವನ್ನಷ್ಟೇ ಕೇಳಲಿಲ್ಲ. ಜನ ತಮ್ಮ ಬದುಕಿನ ರೀತಿಯನ್ನೇ ಬಿಟ್ಟುಕೊಡಬೇಕು ಎಂದು ಕೇಳಿತು. 1871ರಲ್ಲಿ ಬಂದ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲಿಸಿತು. 1911ರಲ್ಲಿ ಅದನ್ನು ಹೊಸದಾಗಿ ಬರೆದು ವಿಸ್ತರಿಸಿದಾಗ ಮುಂಬಯಿ ಪ್ರಾಂತಕ್ಕೂ ಬಂತು. ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಕುಟುಂಬಗಳನ್ನು ಕೂಡಿಹಾಕುವ ವಸತಿಗಳು ಎದ್ದವು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿ ಇಡುವ ಅಧಿಕಾರವನ್ನೂ ಆ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ, ಆ ಕಾಯ್ದೆ ಪೂರ್ತಿ ಹೋಯಿತು. ಅಲ್ಲಿ ‘ಶಾಲೆ’ ಎಂಬ ಪದಕ್ಕೆ ಇದ್ದ ಅರ್ಥವನ್ನು ಶಿಕ್ಷಕರಾಗುವ ನಾವು ಗಮನಿಸಬೇಕು. ತಾಯಿಯ ಮಾತಿನಿಂದ ಮಗುವನ್ನು ದೂರ ಮಾಡುವ ಸಾಧನ ಎಂದೇ ಅದರ ಅರ್ಥವಾಗಿತ್ತು.

ಇಂಥ ಶಾಲೆಯ ಬಗ್ಗೆ ಒಳಗಿನಿಂದ ಬರೆದವರು ಬೇರೆ ದೇಶದಲ್ಲಿ ಇದ್ದಾರೆ. ಅಮೆರಿಕದ ಮಿನೆಸೋಟದಲ್ಲಿ 1862ರಲ್ಲಿ ಡಕೋಟಾ ಜನ ತಿರುಗಿಬಿದ್ದರು. ಆ ವರ್ಷದ ಡಿಸೆಂಬರ್ 26ರಂದು ಮ್ಯಾಂಕೇಟೊ ಎಂಬ ಊರಿನಲ್ಲಿ ಅವರ 38 ಮಂದಿಯನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಹಲಗಲಿಯಾಗಿ ಐದು ವರ್ಷಕ್ಕೆ. ಗಲ್ಲಿನ ಹಿಂದೆ ಶಾಲೆ ಬಂತು. 1879ರಲ್ಲಿ ಪೆನ್ಸಿಲ್ವೇನಿಯದಲ್ಲಿ ಕಾರ್ಲೈಲ್ ಎಂಬ ವಸತಿಶಾಲೆ ತೆರೆಯಿತು. ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ಸ್ವಂತ ಭಾಷೆ ಆಡದಂತೆ ತಡೆದು ಅವರನ್ನು ‘ನಾಗರಿಕ’ರನ್ನಾಗಿ ಮಾಡುವುದು ಅದರ ಗುರಿ. ಯಾಂಕ್ಟನ್ ಡಕೋಟಾ ಸಮುದಾಯದ ಜಿಟ್ಕಾಲಾ-ಶಾ ಎಂಬಾಕೆ ಎಂಟು ವರ್ಷದವಳಿದ್ದಾಗ ಇಂಥದೇ ಇನ್ನೊಂದು ಶಾಲೆಗೆ ಸೇರಿದವಳು. ಮುಂದೆ ಕಾರ್ಲೈಲ್ ಶಾಲೆಯಲ್ಲೇ ಸ್ವಲ್ಪ ಕಾಲ ಶಿಕ್ಷಕಿಯಾಗಿದ್ದಳು. 1900ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ತನ್ನ ಶಾಲಾದಿನಗಳ ಬಗ್ಗೆ, ಶಿಕ್ಷಕಿಯಾಗಿ ತಾನು ಕಂಡದ್ದರ ಬಗ್ಗೆ ಬರೆದಳು. ಅದೇ ಸಮುದಾಯದ ಎಲ್ಲಾ ಡೆಲೋರಿಯಾ ಹಿರಿಯರ ಬಾಯಿಂದ ಕಥೆಗಳನ್ನು ಕೇಳಿ, ಮೂಲ ಭಾಷೆಯನ್ನೂ ಇಂಗ್ಲಿಷ್ ಅನುವಾದವನ್ನೂ ಜೊತೆಗಿಟ್ಟು 1932ರಲ್ಲಿ ‘ಡಕೋಟಾ ಟೆಕ್ಸ್ಟ್ಸ್’ ಎಂಬ ಪುಸ್ತಕ ಹೊರತಂದಳು. ಯಾವ ಭಾಷೆಯನ್ನು ಶಾಲೆ ಅಳಿಸಲು ಹೊರಟಿತ್ತೋ ಅದೇ ಭಾಷೆಯಲ್ಲಿ ಕಥೆ ಅಚ್ಚಾಯಿತು. ಬರಿಯ ಸಾರಾಂಶ ಕೊಟ್ಟು ಮೂಲದ ಮಾತನ್ನು ಬಿಟ್ಟಿದ್ದರೆ ಅವಳ ಕೆಲಸದ ಅರ್ಧ ಶಕ್ತಿ ಹೋಗುತ್ತಿತ್ತು.

ನಮ್ಮ ತರಗತಿ ಕಾರ್ಲೈಲ್ ಅಲ್ಲ, ನಮ್ಮ ಪ್ರಶಿಕ್ಷಣಾರ್ಥಿ ಯಾರ ಜಡೆಯನ್ನೂ ಕತ್ತರಿಸಲಿಲ್ಲ. ಆದರೂ ಮಗು ಬಾಯಿ ಮುಚ್ಚಿದ್ದು ನಿಜ. ಕನ್ನಡಿಗರಾದ ನಮಗೆ ಇದರ ನೋವು ಗೊತ್ತಿರಬೇಕು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಾಲವೊಂದಿತ್ತು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮರಾಠಿ ಓದಬೇಕಿತ್ತು. ಆಗ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದಲ್ಲಿ ಶಿಕ್ಷಕರನ್ನು ತಯಾರು ಮಾಡುವ ಕೆಲಸದಲ್ಲೂ ಇದ್ದವರು, ಅಂದರೆ ನಮ್ಮ ವೃತ್ತಿಯವರೇ. ಮಗುವಿನ ಮನೆಮಾತಿಗೆ ಶಾಲೆಯಲ್ಲಿ ಜಾಗ ಬೇಕು ಎಂದು ಅಂದು ವಾದಿಸಿದ ಕನ್ನಡ, ಇಂದು ತನ್ನೊಳಗಿನ ಒಂದು ಸೀಮೆಯ ಮಾತನ್ನು ‘ಅಶುದ್ಧ’ ಎಂದು ಪಕ್ಕಕ್ಕಿಟ್ಟರೆ ಹೇಗೆ?

ಇನ್ನೊಂದು ತಮಾಷೆಯಿದೆ. ಬಲಗಡೆಯ ಪಟ್ಟಿಯನ್ನು ಗಟ್ಟಿಯಾಗಿ ಹೇಳಿದ ಮಕ್ಕಳೂ ಆ ಭಾಷೆಯನ್ನು ಆಡುವುದಿಲ್ಲ. ನಾಯಂಡಹಳ್ಳಿ, ಕೆಂಗೇರಿ, ಮಾಗಡಿ ಕಡೆಯ ಮನೆಗಳಲ್ಲಿ ‘ಬಂದವ್ನೆ’, ‘ಅಂಗಂದ’, ‘ಬ್ಯಾಡ’ ಎನ್ನುತ್ತಾರೆ. ನಮ್ಮ ಪ್ರಶಿಕ್ಷಣಾರ್ಥಿಗಳೂ ಊಟದ ಬಿಡುವಿನಲ್ಲಿ ಹಾಗೇ ಮಾತಾಡುತ್ತಾರೆ, ನಾನೂ ಅಷ್ಟೆ. ಬಲಗಡೆಯ ಕನ್ನಡ ಯಾರ ಮನೆಮಾತೂ ಅಲ್ಲ. ಅದು ಎಲ್ಲರೂ ಕಲಿತು ಬರೆಯುವ ಮಾತು. ಹಾಗಿದ್ದ ಮೇಲೆ ಒಬ್ಬಳ ಮನೆಮಾತನ್ನು ಮಾತ್ರ ಹಲಗೆಯ ಮೇಲೆ ತಿದ್ದುವುದು ನ್ಯಾಯವಲ್ಲ.

ಅದು ತಿದ್ದಬೇಕಾದ ಮಾತೂ ಅಲ್ಲ. ಅದಕ್ಕೆ ತನ್ನದೇ ವ್ಯಾಕರಣ ಇದೆ. ‘ಸಿಟ್ಟಿನಿಂದ’ ಎಂಬಲ್ಲಿ ಬರಹದ ಕನ್ನಡ ‘ಇಂದ’ ಬಳಸಿದರೆ ಆ ಕಡೆಯ ಮಾತು ‘ಲೆ’ ಬಳಸುತ್ತದೆ: ಸಿಟ್ಟೀಲೆ, ಕೈಲೆ. ಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನೆ–ಮನಿ, ಎಣ್ಣೆ–ಎಣ್ಣಿ. ಮೊದಲಿನ ಏಕಾರ ‘ಯಾ’ ಆಗುತ್ತದೆ: ಪೇಟೆ–ಪ್ಯಾಟಿ, ಬೇರೆ–ಬ್ಯಾರೆ. ಈ ಕೊನೆಯ ನಿಯಮ ಬೆಂಗಳೂರು ಸುತ್ತಿನ ಹಳ್ಳಿಮಾತಿನಲ್ಲೂ ಇದೆ. ‘ಬ್ಯಾಡ’ ಎನ್ನುವ ನಮ್ಮ ಮಕ್ಕಳು ಅದನ್ನೇ ಪಾಲಿಸುತ್ತಿದ್ದಾರೆ. ತೃತೀಯಾ ವಿಭಕ್ತಿ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ?

ಇದಕ್ಕೆ ಬರುವ ಆಕ್ಷೇಪಣೆ ಗೊತ್ತಿದೆ. ವಿಮರ್ಶಾ ಪಾಠದ ನಂತರದ ಚರ್ಚೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ನೇರವಾಗಿ ಕೇಳಿದರು: “ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಆ ಹುಡುಗಿ ‘ಮನ್ಯಾಗ’ ಅಂತ ಬರೆದರೆ ಅಂಕ ಕೊಡುವವರು ಯಾರು? ಗ್ರಾಂಥಿಕ ರೂಪ ಕೇಳುವ ಪ್ರಶ್ನೆ ಬಂದರೆ? ಬರಹದ ಕನ್ನಡ ಕಲಿಸದೆ ಕಳಿಸಿದರೆ ನಷ್ಟ ಅವಳಿಗೇ ತಾನೆ?” ಈ ಮಾತು ಸರಿ. ಬರಹದ ಕನ್ನಡ ಅವಳ ಹಕ್ಕು. ಅದನ್ನು ಕೊಡದೆ ‘ನಿನ್ನ ಭಾಷೆ ಚೆನ್ನ’ ಎಂದು ಹೊಗಳಿ ಕೈಬಿಡುವುದು ಇನ್ನೊಂದು ಬಗೆಯ ಅನ್ಯಾಯ. ನಾನು ಹೇಳುತ್ತಿರುವುದು ಪಟ್ಟಿ ಬೇಡ ಎಂದಲ್ಲ. ಪಟ್ಟಿಯ ತಲೆಬರಹ ಬದಲಾಗಲಿ ಎಂದು. ‘ಗ್ರಾಮ್ಯ–ಶುದ್ಧ’ ಎಂದು ಬರೆದರೆ ಮಗು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗುತ್ತದೆ. ‘ಹಾಡಿನ ಮಾತು–ಬರಹದ ಮಾತು’ ಎಂದು ಬರೆದರೆ ಎರಡೂ ಅವಳ ಕೈಯಲ್ಲಿ ಉಳಿಯುತ್ತವೆ. ಪರೀಕ್ಷೆಯ ಉತ್ತರ ಎರಡರಲ್ಲೂ ಒಂದೇ, ಅಂಕವೂ ಒಂದೇ.

ಇನ್ನೊಂದು ಆಕ್ಷೇಪಣೆ ಇತಿಹಾಸದ ಶಿಕ್ಷಕರದು. ಹಾಡನ್ನು ಸಾಕ್ಷಿ ಎಂದು ಹೇಗೆ ನಂಬುವುದು? ಹಾಡುಗಾರ ಹೆಚ್ಚಿಸಿ ಹೇಳುತ್ತಾನೆ, ಕಾಲಕ್ರಮ ಹಿಂದುಮುಂದಾಗುತ್ತದೆ, ತನ್ನವರನ್ನು ಎತ್ತಿ ಹಿಡಿಯುತ್ತಾನೆ. ಒಪ್ಪುತ್ತೇನೆ. ಆದರೆ ಸೈನ್ಯದ ವರದಿ ಬರೆದವನೂ ತನ್ನವರನ್ನು ಎತ್ತಿ ಹಿಡಿಯುತ್ತಾನೆ. ಒಂದೇ ಘಟನೆಯನ್ನು ಒಬ್ಬರು ‘ದಂಗೆ’ ಎಂದರೆ ಇನ್ನೊಬ್ಬರು ‘ಹೋರಾಟ’ ಎನ್ನುತ್ತಾರೆ. ಎರಡು ಪದಗಳಲ್ಲಿ ಯಾವುದನ್ನು ಯಾರು ಬಳಸುತ್ತಾರೆ, ಯಾಕೆ ಎಂದು ಕೇಳಿದರೆ ಹತ್ತನೆಯ ತರಗತಿಯ ಮಕ್ಕಳು ಇತಿಹಾಸದ ಬಾಗಿಲಲ್ಲೇ ನಿಂತಿರುತ್ತಾರೆ. ಎಷ್ಟು ಜನ, ಯಾವ ದಿನ ಎಂಬುದಕ್ಕೆ ಕಡತ ನೋಡೋಣ. ಏನು ಕಳೆದುಹೋಯಿತು ಎಂಬುದಕ್ಕೆ ಹಾಡನ್ನು ಕೇಳೋಣ.

ಹಾಗಾದರೆ ತರಗತಿಯಲ್ಲಿ ಏನು ಮಾಡಬಹುದು? ಆ ವೀಕ್ಷಣೆಯ ನಂತರ ಪ್ರಶಿಕ್ಷಣಾರ್ಥಿಯೂ ನಾನೂ ಕೂತು ಇದೇ ಪಾಠವನ್ನು ಮೂರು ಅವಧಿಗೆ ಹಂಚಿದೆವು. ಪಾಠಯೋಜನೆಯ ಚೌಕಟ್ಟು ಹಳೆಯದೇ, ಕ್ರಮ ಮಾತ್ರ ಬೇರೆ.

ಮೊದಲ ಅವಧಿ ಪೂರ್ತಿ ಕೇಳುವುದು. ಪುಸ್ತಕ ಮುಚ್ಚಿರಲಿ. ಲಾವಣಿ ಕಣ್ಣಿಗಿಂತ ಕಿವಿಗೆ ಕಟ್ಟಿದ್ದು. ಶಿಕ್ಷಕರಿಗೆ ಹಾಡಲು ಬಂದರೆ ಸರಿ, ಇಲ್ಲದಿದ್ದರೆ ಮೇಜಿನ ಮೇಲೆ ತಾಳ ಹಾಕಿ ಓದಿದರೂ ಆದೀತು. ಧ್ವನಿಮುದ್ರಣ ಸಿಕ್ಕರೆ ಮೊಬೈಲಿನಲ್ಲಿ ಕೇಳಿಸಬಹುದು. ಅರ್ಥ ಹೇಳುವ ಮೊದಲು ಎರಡು ಪ್ರಶ್ನೆ: ಈ ಹಾಡಿನಲ್ಲಿ ಯಾರ ಸಿಟ್ಟು ಕೇಳಿಸಿತು? ಯಾವ ಮಾತು ನಿಮ್ಮ ಮನೆಯಲ್ಲೂ ಕೇಳಿದ್ದೀರಿ?

ಎರಡನೆಯ ಅವಧಿಯಲ್ಲಿ ಅರ್ಥ ಮತ್ತು ಭಾಷೆ. ಆಗ ಹಲಗೆಯ ಮೇಲೆ ಎರಡು ಪಟ್ಟಿ ಬರಲಿ, ಬೇಕಾದರೆ ಮೂರನೆಯದೂ ಇರಲಿ: ಹಾಡಿನ ಮಾತು, ಬರಹದ ಮಾತು, ನಮ್ಮ ಮನೆಯ ಮಾತು. ಮೂರನೆಯ ಪಟ್ಟಿಯಲ್ಲಿ ತುಮಕೂರು, ಮಂಡ್ಯ, ರಾಯಚೂರು ಎಲ್ಲ ಬರುತ್ತವೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳೂ ತಮ್ಮ ಪದ ಸೇರಿಸುತ್ತಾರೆ. ನಿಯಮವನ್ನು ಮಕ್ಕಳೇ ಹುಡುಕಲಿ.

ಮೂರನೆಯ ಅವಧಿ ನೆನಪಿನದು. ಸೈನ್ಯ ದೋಚಿದ ವಸ್ತುಗಳ ಭಾಗವನ್ನು ಮತ್ತೆ ಓದಿ, ನಿಮ್ಮ ಮನೆಯ ಹಿರಿಯರು ಕಳೆದುಕೊಂಡ ಯಾವ ವಸ್ತು, ಹೊಲ, ಮರ, ಊರಿನ ಬಗ್ಗೆ ಹೇಳುತ್ತಿರುತ್ತಾರೆ ಎಂದು ಕೇಳಬಹುದು. ಉತ್ತರವನ್ನು ಮನೆಯಲ್ಲಿ ಕೇಳಿಕೊಂಡು, ಹಿರಿಯರು ಹೇಳಿದ ಮಾತಿನಲ್ಲೇ ಐದು ಸಾಲು, ಬರಹದ ಕನ್ನಡದಲ್ಲಿ ಐದು ಸಾಲು ಬರೆದು ತರಬೇಕು. ನಾಯಂಡಹಳ್ಳಿಯ ಹಳೆಯ ಮನೆಗಳಲ್ಲಿ ವೃಷಭಾವತಿಯ ನೀರು ತಿಳಿಯಾಗಿದ್ದ ಕಾಲವನ್ನು ನೆನೆಯುವ ಅಜ್ಜಿಯರು ಇದ್ದಾರೆ. ಮೈಸೂರು ರಸ್ತೆಯ ಎರಡೂ ಬದಿ ಹೊಲವಾಗಿದ್ದುದನ್ನು ಕಂಡವರಿದ್ದಾರೆ. ಊರು ಬಿಟ್ಟು ಇಲ್ಲಿ ಶೆಡ್ಡಿನಲ್ಲಿ ಇರುವವರಿಗೆ ಬಿಟ್ಟು ಬಂದ ಊರೇ ಒಂದು ಲಾವಣಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ನೀನು ಆ ಕಡೆಯವಳಲ್ಲವಾ, ನೀನೇ ಹಾಡು’ ಎಂದು ಒಂದು ಮಗುವನ್ನು ಎಲ್ಲರೆದುರು ನಿಲ್ಲಿಸಬಾರದು. ಮೊನ್ನೆ ನಗೆಗೆ ಗುರಿಯಾದವಳನ್ನು ಇಂದು ಪ್ರದರ್ಶನಕ್ಕೆ ಇಟ್ಟಂತೆ ಆಗುತ್ತದೆ. ಹಲಗಲಿಯ ಕಥೆ ಹೇಳುವಾಗ ಜಾತಿಯ ಹೆಸರು ಬರುತ್ತದೆ. ತರಗತಿಯಲ್ಲಿ ಆ ಸಮುದಾಯದ ಮಗು ಇರಬಹುದು ಎಂಬ ಅರಿವು ಶಿಕ್ಷಕರಿಗೆ ಇರಬೇಕು. ಮನೆಯ ನೆನಪು ಕೇಳುವಾಗಲೂ ಹೇಳಲು ಇಷ್ಟವಿಲ್ಲದವರಿಗೆ ಬಿಡುವ ಅವಕಾಶ ಇರಲಿ. ಎಲ್ಲ ನೆನಪೂ ತರಗತಿಗೆ ತರುವಂಥದ್ದಲ್ಲ.

ಪ್ರಶಿಕ್ಷಕರಾದ ನಮಗೂ ಒಂದು ಕೆಲಸವಿದೆ. ನಮ್ಮ ವೀಕ್ಷಣಾ ಪುಸ್ತಕದಲ್ಲಿ ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಪುನರ್ಬಲನ ಎಂಬ ಅಂಕಣಗಳಿವೆ. ಯಾವ ಮಗು ಮಾತಾಡುವುದನ್ನು ನಿಲ್ಲಿಸಿತು ಎಂದು ಕೇಳುವ ಅಂಕಣ ಇಲ್ಲ. ‘ಮಕ್ಕಳ ಮನೆಮಾತಿಗೆ ಪಾಠದಲ್ಲಿ ಸಿಕ್ಕ ಸ್ಥಾನ’ ಎಂಬ ಒಂದು ಸಾಲನ್ನು ಭಾಷಾ ಪಾಠಗಳ ವೀಕ್ಷಣೆಗಾದರೂ ಸೇರಿಸಿಕೊಳ್ಳೋಣ. ಅದಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ, ಷರಾ ಬರೆಯುವ ಜಾಗದಲ್ಲೇ ಬರೆಯಬಹುದು.

ಎರಡು ವಾರದ ನಂತರ ಅದೇ ಶಾಲೆಗೆ ಮತ್ತೆ ಹೋದೆ. ಮೂರನೆಯ ಅವಧಿಯ ಪಾಠ ಮುಗಿದು ಮಕ್ಕಳು ಹಾಳೆಗಳನ್ನು ಒಪ್ಪಿಸಿದ್ದರು. ಆ ಹುಡುಗಿ ಪಾಠದ ನಡುವೆ ಕೈ ಎತ್ತಲಿಲ್ಲ. ಒಂದು ಪಾಠದಿಂದ ಅಷ್ಟೆಲ್ಲ ಆಗುವುದೂ ಇಲ್ಲ. ಅವಳ ಹಾಳೆಯಲ್ಲಿ ಅಜ್ಜಿಯ ಬೀಸುಕಲ್ಲಿನ ಬಗ್ಗೆ ಇತ್ತು. ಊರು ಬಿಡುವಾಗ ಭಾರವಾಗುತ್ತದೆಂದು ಬಿಟ್ಟು ಬಂದದ್ದು. ಮೊದಲ ಐದು ಸಾಲು ಅಜ್ಜಿಯ ಮಾತಿನಲ್ಲಿ, ಮುಂದಿನ ಐದು ಬರಹದ ಕನ್ನಡದಲ್ಲಿ. ಎರಡರಲ್ಲೂ ಒಂದು ಕಾಗುಣಿತದ ತಪ್ಪಿತ್ತು. ಪ್ರಶಿಕ್ಷಣಾರ್ಥಿ ಅದನ್ನಷ್ಟೇ ತಿದ್ದಿದ್ದಳು. ‘ಬಿಟ್ಟಬಂದೀವಿ’ ಎಂಬ ಮಾತಿಗೆ ಕೆಂಪು ಗೆರೆ ಎಳೆದಿರಲಿಲ್ಲ.